ಕೋಣೆ ಹೊತ್ತ ಉಗಿ ಎಂಜಿನ್: ತಪಾಸಣಾ ಲೋಕೋಮೋಟಿವ್‌ಗಳ ಮಾದರಿ ಮತ್ತು ತೂಕದ ಲೆಕ್ಕ

(ಮಾದರಿ ರೈಲು ಕಟ್ಟುವ ಹವ್ಯಾಸಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ನಮಸ್ಕಾರ. ಹಳಿ ನೆಟ್ಟಗಿದೆಯೇ, ಸೇತುವೆ ಭದ್ರವಾಗಿದೆಯೇ ಎಂದು ನೋಡಲು ರೈಲ್ವೆ ಅಧಿಕಾರಿ ಹೇಗೆ ಹೋಗುತ್ತಾರೆ? ನಮ್ಮ ಕಡೆ ಇದಕ್ಕೆ ಉತ್ತರ ಟ್ರಾಲಿ. ನಾಲ್ಕು ಗಾಲಿಯ ಮೇಲೊಂದು ಬೆಂಚು, ಬಿಸಿಲಿಗೆ ಕೊಡೆ, ಹಿಂದಿನಿಂದ ತಳ್ಳಲು ಟ್ರಾಲಿಮನ್‌ಗಳು. ಆಮೇಲೆ ಮೋಟಾರ್ ಟ್ರಾಲಿ ಬಂತು. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದವರು ಹಳಿಯ ಮೇಲೆ ಓಡುವಂತೆ ಗಾಲಿ ಬದಲಿಸಿಕೊಂಡ ಆಸ್ಟಿನ್ ಕಾರನ್ನು ನೋಡಿರುತ್ತೀರಿ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಇದೇ ಕೆಲಸಕ್ಕೆ ಉಗಿ ಎಂಜಿನ್‌ಗಳನ್ನೇ ಬೇರೆ ಮಾಡಿದರು. ಹೆಚ್ಚಿನವುಗಳಲ್ಲಿ ಎಂಜಿನ್ ಮತ್ತು ಅಧಿಕಾರಿಗಳು ಕೂರುವ ಸಲೂನ್ ಕೋಣೆ ಒಂದೇ ಚೌಕಟ್ಟಿನ ಮೇಲೆ. ನೋಡಲು ವಿಚಿತ್ರ, ಆದ್ದರಿಂದಲೇ ಮಾದರಿಗಾರರಿಗೆ ಆಸೆ. ಆದರೆ ಕಟ್ಟಿ ಮುಗಿಸಿದ ಅನೇಕ ಮಾದರಿಗಳು ಓಡದೆ ಗಾಜಿನ ಬೀರು ಸೇರುತ್ತವೆ. ಕಾರಣ ಹೆಚ್ಚಿನ ಸಲ ಒಂದೇ. ಗಾಲಿ ತಿರುಗುತ್ತದೆ, ಎಂಜಿನ್ ಕದಲುವುದಿಲ್ಲ.

ಮೊದಲು ಮೂರು ನಿಜವಾದ ಎಂಜಿನ್‌ಗಳು.

ಇಂಗ್ಲೆಂಡಿನ ನಾರ್ತ್ ಈಸ್ಟರ್ನ್ ರೈಲ್ವೆಯ 66ನೇ ಸಂಖ್ಯೆಯ 'ಏರೋಲೈಟ್' ಎಂಜಿನ್‌ನ ಹೆಸರು 1851ರ ಲಂಡನ್ ಮಹಾಪ್ರದರ್ಶನದಷ್ಟು ಹಳೆಯದು. ಮೊದಲ ಎಂಜಿನ್ ಅಪಘಾತಕ್ಕೆ ಸಿಕ್ಕಿದ ಮೇಲೆ 1869ರಲ್ಲಿ ಅದೇ ಹೆಸರಿನಲ್ಲಿ ಹೊಸದು ಬಂತು. ಹಲವು ಸಲ ಪುನರ್ನಿರ್ಮಾಣವಾಗಿ 1902ರಲ್ಲಿ ಈಗಿನ 2-2-4 ರೂಪ ಪಡೆಯಿತು (ಮುಂದಿನ ಗಾಲಿ, ಎಳೆಯುವ ಅಂದರೆ ಡ್ರೈವಿಂಗ್ ಗಾಲಿ, ಹಿಂದಿನ ಗಾಲಿಗಳ ಎಣಿಕೆ ಅದು). ಈಗ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದ ಸ್ವತ್ತು. ಇದು ಕೋಣೆ ಹೊರುವುದಿಲ್ಲ, ಮೆಕ್ಯಾನಿಕಲ್ ಎಂಜಿನಿಯರರ ಸಲೂನನ್ನು ಎಳೆಯುತ್ತಿತ್ತು.

ಎರಡನೆಯದು ಅಮೆರಿಕದ ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್‌ರೋಡಿನ 100ನೇ ಸಂಖ್ಯೆಯ 'ಬ್ಲ್ಯಾಕ್ ಡೈಮಂಡ್'. ಬಾಲ್ಡ್‌ವಿನ್ ಕಾರ್ಖಾನೆ, 1889, 2-2-2. ಸೇಂಟ್ ಲೂಯಿಸ್ ಬಳಿಯ ಸಾರಿಗೆ ಸಂಗ್ರಹಾಲಯದಲ್ಲಿದೆ. ಇಲ್ಲಿ ಬಾಯ್ಲರಿನ ಮೇಲೆಯೇ ಕಿಟಕಿಗಳ ಕೋಣೆ ಕವಚದಂತೆ ಕೂತಿದೆ.

ಮೂರನೆಯದೇ ಇವತ್ತಿನ ಮುಖ್ಯ ವಿಷಯ. ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ ಮುಖ್ಯಸ್ಥ ಎಂಜಿನಿಯರ್ ಡುಗಾಲ್ಡ್ ಡ್ರಮಂಡ್ 1899ರಲ್ಲಿ ನೈನ್ ಎಲ್ಮ್ಸ್ ಕಾರ್ಖಾನೆಯಲ್ಲಿ ತಮ್ಮ ಓಡಾಟಕ್ಕೆಂದೇ ಕಟ್ಟಿಸಿಕೊಂಡ 733ನೇ ಎಂಜಿನ್, ಎಫ್9 ವರ್ಗ. ಆ ವರ್ಗದಲ್ಲಿ ಇದ್ದದ್ದು ಅದೊಂದೇ. 'ದಿ ಬಗ್' ಎಂಬುದು ಅದರ ಅಡ್ಡಹೆಸರು, ಅಂದರೆ ಹುಳ. ಸಾಹೇಬರು ಯಾವ ಹೊತ್ತಿಗೆ ಯಾವ ನಿಲ್ದಾಣದಲ್ಲಿ ಇಳಿಯುತ್ತಾರೋ ಗೊತ್ತಾಗದ ಕಾಲದಲ್ಲಿ ಅದು ಪ್ರೀತಿಯ ಹೆಸರಾಗಿರಲಾರದು. 1912ರಲ್ಲಿ ಡ್ರಮಂಡ್ ತೀರಿಕೊಂಡ ಮೇಲೆ ಅದಕ್ಕೆ ಕೆಲಸ ಕಡಿಮೆಯಾಯಿತು. 1940ರಲ್ಲಿ ಗುಜರಿಗೆ ಹೋಯಿತು. ಹೋಗಿ ಮುಟ್ಟಿ ಅಳೆಯಲು ಏನೂ ಉಳಿದಿಲ್ಲ.

ಇದರ ಗಾಲಿ ವಿನ್ಯಾಸ 4-2-4. ಮುಂದೆ ನಾಲ್ಕು ಗಾಲಿಯ ಬೋಗಿ, ನಡುವೆ ಒಂದೇ ಒಂದು ಜೊತೆ ಡ್ರೈವಿಂಗ್ ಗಾಲಿ, ಹಿಂದೆ ಸಲೂನಿನ ಅಡಿ ಇನ್ನೊಂದು ಬೋಗಿ. ಇಲ್ಲೊಂದು ಮಾತು. ಕನ್ನಡದಲ್ಲಿ ಬೋಗಿ ಅಂದರೆ ಇಡೀ ಡಬ್ಬಿ, "ಎಸ್ 5 ಬೋಗಿ ಎಲ್ಲಿ ನಿಲ್ಲುತ್ತೆ" ಅಂತ ಕೇಳುತ್ತೇವೆ. ಈ ಉಪನ್ಯಾಸದಲ್ಲಿ ಮಾತ್ರ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ತಿರುಗುವ ಗಾಲಿಗಾಡಿ.

ಅಳತೆ

ಡ್ರೈವಿಂಗ್ ಗಾಲಿಯ ವ್ಯಾಸ 5 ಅಡಿ 7 ಇಂಚು. ಒಂದು ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ, ಅಂದರೆ 1:76.2 ಪ್ರಮಾಣದಲ್ಲಿ, ಅದು 22.3 ಮಿ.ಮೀ. ಆಗುತ್ತದೆ. ಬ್ರಿಟಿಷ್ ಎಂಜಿನ್‌ಗಳಿಗೆ ಗಾಲಿ, ಗೇರ್, ಬಫರ್ ಎಲ್ಲ ಈ ಪ್ರಮಾಣದಲ್ಲೇ ಹೆಚ್ಚು ಸಿಗುವುದರಿಂದ ಇದೇ ಅನುಕೂಲ. ನಿಜವಾದ 4 ಅಡಿ 8½ ಇಂಚಿನ ಹಳಿಗೆ ಸರಿಯಾದ ಅಂತರ 18.83 ಮಿ.ಮೀ. ಆದರೂ ಈ ಪ್ರಮಾಣಕ್ಕೆ ಸಾಮಾನ್ಯವಾಗಿ ಬಳಸುವ ಓಓ ಎಂಬ ಮಾದರಿ ಹಳಿ 16.5 ಮಿ.ಮೀ. ಮಾತ್ರ. ಈ ಕೊರತೆ ಮುಂದೆ ಬೋಗಿ ತಿರುಗುವ ಜಾಗದಲ್ಲಿ ಸಹಾಯ ಮಾಡುತ್ತದೆ, ಆದ್ದರಿಂದ ಮೊದಲ ಮಾದರಿಗೆ ಓಓ ಅವಮಾನವಲ್ಲ.

ನಕ್ಷೆ ಸಿಗದಿದ್ದರೆ ಫೋಟೋದಿಂದ ಅಳೆಯಬೇಕು. 5 ಅಡಿ 7 ಇಂಚು ಅಂದರೆ 67 ಇಂಚು. ಪಕ್ಕದಿಂದ ನೇರವಾಗಿ ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ಡ್ರೈವಿಂಗ್ ಗಾಲಿ 670 ಪಿಕ್ಸೆಲ್ ಬರುವಂತೆ ಹಿಗ್ಗಿಸಿ. ಆಗ ಹತ್ತು ಪಿಕ್ಸೆಲ್‌ಗೆ ಒಂದು ಇಂಚು. ಕೋನದಿಂದ ತೆಗೆದ ಫೋಟೋದಲ್ಲಿ ಗಾಲಿ ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಅದರಲ್ಲಿ ಎತ್ತರದ ಅಳತೆ ಮಾತ್ರ ಸ್ವಲ್ಪ ನಂಬಬಹುದು, ಉದ್ದದ್ದು ಬೇಡವೇ ಬೇಡ. ಜೊತೆಗೆ ಗಾಲಿಯ ಉಕ್ಕಿನ ಪಟ್ಟಿ ಸವೆದಂತೆ ವ್ಯಾಸ ಒಂದೆರಡು ಇಂಚು ಕುಗ್ಗುತ್ತದೆ. ಎರಡು ಫೋಟೋಗಳ ಲೆಕ್ಕ ಹೊಂದದಿದ್ದರೆ ಕಾರಣ ಅದೂ ಇರಬಹುದು.

ಏತದ ಲೆಕ್ಕ

ಸಿಲಿಂಡರ್‌ಗಳು ಚೌಕಟ್ಟಿನ ಒಳಗಿವೆ, ಗಾಲಿ ಗಾಲಿಗಳನ್ನು ಜೋಡಿಸುವ ರಾಡ್ ಇಲ್ಲ. ಹೊಸಬರು ಇದನ್ನು ನೋಡಿ "ಸುಲಭ" ಅಂದುಕೊಳ್ಳುತ್ತಾರೆ. ರಾಡ್ ಇಲ್ಲದ್ದು ಅನುಕೂಲವೇ. ಆದರೆ ಹತ್ತು ಗಾಲಿಗಳಲ್ಲಿ ಎರಡು ಮಾತ್ರ ಎಳೆಯುತ್ತವೆ, ಉಳಿದ ಎಂಟು ಬರೀ ಸವಾರರು. ಲೋಹದ ಹಳಿಯ ಮೇಲೆ ಲೋಹದ ಗಾಲಿ ಜಾರದೆ ಕೊಡುವ ಎಳೆತ, ಆ ಗಾಲಿಯ ಮೇಲಿರುವ ಭಾರದ ಸುಮಾರು ಐದನೇ ಒಂದು ಪಾಲು. ಎಂಜಿನ್ನಿನ ಒಟ್ಟು ತೂಕ ಎಷ್ಟಾದರೂ ಇರಲಿ, ಆ ಒಂದು ಆಕ್ಸಲ್ (ಗಾಲಿಗಳ ಅಚ್ಚು) ಮೇಲೆ ಎಷ್ಟಿದೆ ಅನ್ನುವುದೇ ಪ್ರಶ್ನೆ.

ಬಾವಿಯಿಂದ ನೀರೆತ್ತುವ ಏತವನ್ನು ನೆನೆಯಿರಿ. ಡ್ರೈವಿಂಗ್ ಆಕ್ಸಲ್ಲೇ ಏತದ ಕಂಬ. ಮುಂದಿನ ತುದಿಯಲ್ಲಿ ಬಾಯ್ಲರ್, ಹಿಂದಿನ ತುದಿಯಲ್ಲಿ ಸಲೂನ್. ಲೆಕ್ಕಕ್ಕೆ ಅಂಕಿ ಇಟ್ಟುಕೊಳ್ಳೋಣ. ಸಲೂನ್ 45 ಗ್ರಾಂ, ಅದರ ಭಾರಕೇಂದ್ರ ಆಕ್ಸಲ್‌ನಿಂದ 60 ಮಿ.ಮೀ. ಹಿಂದೆ. ಮೋಟಾರ್ ಮತ್ತು ಚೌಕಟ್ಟು ಸೇರಿ 45 ಗ್ರಾಂ, ಸರಿಯಾಗಿ ಆಕ್ಸಲ್ ಮೇಲೆ. ಹಿಂದಿನ ಬೋಗಿಯ ಪಿವಟ್ (ತಿರುಗುವ ಕೀಲು) 55 ಮಿ.ಮೀ. ಹಿಂದೆ. ಮುಂದೆ ಇನ್ನೂ ಸೀಸ ತುಂಬಿಲ್ಲ. ಆಗ 45×60=2700, ಅದನ್ನು 55ರಿಂದ ಭಾಗಿಸಿದರೆ 49. ಸಲೂನಿನ ಭಾರ ಪೂರ್ತಿ, ಮೇಲೆ ಇನ್ನೂ 4 ಗ್ರಾಂ, ಹಿಂದಿನ ಬೋಗಿಯ ಪಾಲಾಯಿತು. ಡ್ರೈವಿಂಗ್ ಗಾಲಿಗೆ ಉಳಿದದ್ದು 41 ಗ್ರಾಂ.

ಈಗ ಬಾಯ್ಲರ್ ಮತ್ತು ಅದರ ಮುಂದೆ ಹೊಗೆ ಸೇರುವ ಸ್ಮೋಕ್‌ಬಾಕ್ಸಿನಲ್ಲಿ 80 ಗ್ರಾಂ ಸೀಸ ತುಂಬಿ, ಅದರ ಕೇಂದ್ರ ಆಕ್ಸಲ್‌ನಿಂದ 25 ಮಿ.ಮೀ. ಮುಂದೆ ಬರಲಿ. 80×25=2000. ಹಿಂದಿನ 2700ರಲ್ಲಿ ಇದು ಕಳೆದು 700 ಉಳಿಯಿತು. ಹಿಂದಿನ ಬೋಗಿಯ ಪಾಲು 13 ಗ್ರಾಂಗೆ ಇಳಿಯಿತು. ಡ್ರೈವಿಂಗ್ ಗಾಲಿಯ ಮೇಲೆ ಈಗ 157. ಹಾಕಿದ್ದು 80 ಗ್ರಾಂ, ಸಿಕ್ಕಿದ್ದು 116. ಅದೇ ಸೀಸವನ್ನು "ಹಿಂದೆ ಜಾಗ ಇದೆಯಲ್ಲ" ಎಂದು ಸಲೂನಿನ ನೆಲದಡಿ ಇಟ್ಟಿದ್ದರೆ ಡ್ರೈವಿಂಗ್ ಗಾಲಿಗೆ ಒಂದು ಗ್ರಾಂ ಕೂಡ ಸೇರುತ್ತಿರಲಿಲ್ಲ, ಏತದ ಲೆಕ್ಕದಲ್ಲಿ ಸ್ವಲ್ಪ ಕಡಿಮೆಯೇ ಆಗುತ್ತಿತ್ತು. ಓಡದ ಮಾದರಿಗಳ ಹೊಟ್ಟೆ ಬಿಚ್ಚಿದರೆ ಕಾಣುವುದು ಹೆಚ್ಚಾಗಿ ಇದೇ ತಪ್ಪು.

ಆದರೆ ಅತಿಯಾಗಬಾರದು. ಈ ಅಂಕಿಗಳಲ್ಲಿ 108 ಗ್ರಾಂ ದಾಟಿದರೆ ಹಿಂದಿನ ಬೋಗಿಯ ಮೇಲೆ ಭಾರವೇ ಇರದೆ ಅದು ಹಳಿ ತಪ್ಪುತ್ತದೆ. ಬೋಗಿಗಳಿಗೆ ತಲಾ 10ರಿಂದ 20 ಗ್ರಾಂ ಬೇಕು. ಮುಂದಿನ ಬೋಗಿಗೆ ಮೆದುವಾದ ಸ್ಪ್ರಿಂಗಿನಿಂದ 10 ಗ್ರಾಂ ಒತ್ತಡ ಕೊಡಿ, ಹಿಂದಿನದಕ್ಕೆ ಏತವೇ ಕೊಡುತ್ತದೆ. ಅಳೆಯುವುದು ಹೀಗೆ: ಚಿನಿವಾರರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿಯ ತಟ್ಟೆಗೆ ಸಣ್ಣ ಹಳಿ ತುಂಡು ಅಂಟಿಸಿ, ಅಕ್ಕಪಕ್ಕದ ಹಳಿಯನ್ನು ಅದೇ ಎತ್ತರಕ್ಕೆ ಮರದ ತುಂಡುಗಳ ಮೇಲೆ ಕೂರಿಸಿ, ಒಂದೊಂದೇ ಆಕ್ಸಲನ್ನು ತಟ್ಟೆಯ ಮೇಲೆ ತನ್ನಿ. ಎತ್ತರದಲ್ಲಿ ಕಾಲು ಮಿ.ಮೀ. ವ್ಯತ್ಯಾಸವಿದ್ದರೂ ಅಂಕಿ ಸುಳ್ಳಾಗುತ್ತದೆ.

ಸೀಸದ ಬಗ್ಗೆ ಎರಡು ಎಚ್ಚರಿಕೆ. 13 ಮಿ.ಮೀ. ಒಳವ್ಯಾಸದ ಹಿತ್ತಾಳೆ ಕೊಳವೆಯಲ್ಲಿ ಗಟ್ಟಿ ಸೀಸ ಒಂದು ಸೆಂ.ಮೀ. ಉದ್ದಕ್ಕೆ 15 ಗ್ರಾಂ ಬರುತ್ತದೆ. ಗುಂಡು ರೂಪದಲ್ಲಿ ತುಂಬಿದರೆ ನಡುವಿನ ಸಂದುಗಳಿಂದ ಅದಕ್ಕಿಂತ ಸಾಕಷ್ಟು ಕಡಿಮೆ. ಹಾಳೆಯನ್ನು ಬಿಗಿಯಾಗಿ ಸುತ್ತಿ ತುರುಕುವುದು ಮೇಲು. ಎರಡನೆಯದಾಗಿ, ಸೀಸದ ಗುಂಡುಗಳನ್ನು ಬಿಳಿ ಮರದಂಟಿನಲ್ಲಿ ಕೂರಿಸಬೇಡಿ. ಆ ಅಂಟು ಹೊರಬಿಡುವ ಆಮ್ಲಾಂಶ ಸೀಸದ ಜೊತೆ ನಿಧಾನವಾಗಿ ವರ್ತಿಸಿ ಬಿಳಿ ಪುಡಿಯಾಗಿ ಉಬ್ಬುತ್ತದೆ. ವರ್ಷಗಳ ನಂತರ ಬಾಯ್ಲರ್ ಸೀಳಿಕೊಳ್ಳುತ್ತದೆ. ಎಪಾಕ್ಸಿ ಬಳಸಿ. ಕೈಗವಸು ಹಾಕಿ, ಸೀಸವನ್ನು ಅರದಿಂದ ಉಜ್ಜಬೇಡಿ, ಕತ್ತರಿಯಲ್ಲಿ ಕತ್ತರಿಸಿ.

ಹಳಿ ತಗ್ಗಿದಾಗ

ತೂಕ ಸರಿ ಮಾಡಿಯೂ ಕೆಲವರದು ಓಡುವುದಿಲ್ಲ. ಬೋಗಿಗಳನ್ನು ಮೇಲೆ ಕೆಳಗೆ ಅಲ್ಲಾಡದಂತೆ ಬಿಗಿ ಮಾಡಿರುತ್ತಾರೆ. ಹಳಿಯಲ್ಲಿ ಅರ್ಧ ಮಿ.ಮೀ. ತಗ್ಗು ಸಿಕ್ಕಿದರೆ ಮುಂದಿನ ಮತ್ತು ಹಿಂದಿನ ಬೋಗಿಗಳು ಎರಡು ದಂಡೆಯ ಮೇಲೆ ನಿಂತು, ನಡುವಿನ ಡ್ರೈವಿಂಗ್ ಗಾಲಿ ತೊಟ್ಟಿಲಿನಂತೆ ಗಾಳಿಯಲ್ಲಿ ತೂಗುತ್ತದೆ. ಆಗ ಸೀಸ ಎಷ್ಟಿದ್ದರೂ ವ್ಯರ್ಥ. ಡ್ರೈವಿಂಗ್ ಆಕ್ಸಲನ್ನು ಚೌಕಟ್ಟಿನಲ್ಲಿ ಗಟ್ಟಿಯಾಗಿ ಕೂರಿಸಿ. ಮುಂದಿನ ಬೋಗಿಗೆ ಮೇಲೆ 1, ಕೆಳಗೆ 1 ಮಿ.ಮೀ. ಚಲನೆ ಬಿಡಿ. ಹಿಂದಿನ ಬೋಗಿ ಭಾರ ಹೊರುವುದರಿಂದ ಅದರ ಪಿವಟ್ ಎತ್ತರ ನಿಶ್ಚಿತವಾಗಿರಲಿ, ಆದರೆ ಅಡ್ಡಕ್ಕೆ ಮತ್ತು ಉದ್ದಕ್ಕೆ ವಾಲುವಂತಿರಲಿ. ಗುಮ್ಮಟದಂತೆ ಉಬ್ಬಿದ ವಾಷರ್ ಒಂದು ಸಾಕು.

ತಿರುವಿನಲ್ಲಿ ಇನ್ನೊಂದು ಲೆಕ್ಕವಿದೆ. ಎರಡು ಬೋಗಿಗಳ ಕೇಂದ್ರಗಳ ನಡುವೆ 100 ಮಿ.ಮೀ. ಇದ್ದು ತಿರುವಿನ ತ್ರಿಜ್ಯ 600 ಮಿ.ಮೀ. ಇದ್ದರೆ, ನಡುವಿನ ಗಾಲಿಯ ಬಳಿ ಹಳಿಯ ಬಾಗು 100×100 ಭಾಗ 8×600, ಅಂದರೆ 2.1 ಮಿ.ಮೀ. ಹಿಂದಿನ ಪಿವಟ್ ಮತ್ತು ಡ್ರೈವಿಂಗ್ ಆಕ್ಸಲ್ ಎರಡೂ ಅಡ್ಡಕ್ಕೆ ಸರಿಯದಿದ್ದರೆ ಮುಂದಿನ ಬೋಗಿ ಅದರ ಎರಡರಷ್ಟು, ಪ್ರತಿ ಬದಿಗೆ 4.2 ಮಿ.ಮೀ. ಸರಿಯಬೇಕಾಗುತ್ತದೆ. ಓಓದಲ್ಲಿ ಗಾಲಿಗಳ ಒಳಮೈ ಅಂತರ 14.5 ಮಿ.ಮೀ.; ಅಷ್ಟು ಜಾರಲು ಮುಂದಿನ ಚೌಕಟ್ಟನ್ನು ಕಿರಿದು ಮಾಡಿ ಮೇಲಕ್ಕೆ ಕೊರೆಯಬೇಕು. ತ್ರಿಜ್ಯ 900ಕ್ಕೆ ಏರಿಸಿದರೆ ಅದೇ ಸಂಖ್ಯೆ 2.8ಕ್ಕೆ ಇಳಿಯುತ್ತದೆ. ಈ ಎಂಜಿನ್ನಿಗೆ 900 ಮಿ.ಮೀ. ಕನಿಷ್ಠ ಎಂದು ಇಟ್ಟುಕೊಂಡರೆ ಒಳ್ಳೆಯದು. ಆಟಿಕೆ ಸೆಟ್ಟಿನ 438 ಮಿ.ಮೀ. ತಿರುವಿಗೆ ಇದನ್ನು ಬಗ್ಗಿಸಲು ಹೋದವರು ಕೊನೆಗೆ ಮುಂಭಾಗದ ಅರ್ಧ ಚೌಕಟ್ಟನ್ನೇ ಕತ್ತರಿಸಿ ಹಾಕುತ್ತಾರೆ.

ಮೋಟಾರ್

ಸಲೂನಿಗೆ ದೊಡ್ಡ ಕಿಟಕಿಗಳಿವೆ, ಆದ್ದರಿಂದ ಮೋಟಾರ್ ಅಲ್ಲಿರುವಂತಿಲ್ಲ. ಬೆಂಕಿ ಉರಿಯುವ ಫೈರ್‌ಬಾಕ್ಸಿನ ಒಳಗೆ, ಡ್ರೈವಿಂಗ್ ಆಕ್ಸಲ್ ಮೇಲೆ ನೆಟ್ಟಗೆ ನಿಲ್ಲುವ ಪುಟ್ಟ ಕೋರ್‌ಲೆಸ್ ಮೋಟಾರ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ್ದು) ಸರಿಹೊಂದುತ್ತದೆ, 10 ಮಿ.ಮೀ. ವ್ಯಾಸ, 20 ಮಿ.ಮೀ. ಉದ್ದದ್ದು ಸಾಕು. ಇದು ಏನನ್ನೂ ಎಳೆಯುವ ಎಂಜಿನ್ ಅಲ್ಲವಲ್ಲ. ಮೋಟಾರಿನ ವೇಗ ನೋಡಿ ವಿದ್ಯುತ್ತನ್ನು ತಾನೇ ಹೊಂದಿಸುವ ಹಳೆಯ ಕಾಲದ ಫೀಡ್‌ಬ್ಯಾಕ್ ಕಂಟ್ರೋಲರ್ ಮಾತ್ರ ಬೇಡ. ಅದರ ಕಡಿಮೆ ಆವರ್ತನದ ಮಿಡಿತಕ್ಕೆ ಕೋರ್‌ಲೆಸ್ ಮೋಟಾರಿನ ತೆಳು ಸುರುಳಿ ಬಿಸಿಯಾಗಿ ಸುಟ್ಟುಹೋಗುತ್ತದೆ.

ಗೇರ್ ಅನುಪಾತ: 22.3 ಮಿ.ಮೀ. ಗಾಲಿಯ ಸುತ್ತಳತೆ 70 ಮಿ.ಮೀ. ಗಂಟೆಗೆ 60 ಮೈಲಿ ಎಂದರೆ ಈ ಪ್ರಮಾಣದಲ್ಲಿ ಸೆಕೆಂಡಿಗೆ 352 ಮಿ.ಮೀ., ಗಾಲಿ ನಿಮಿಷಕ್ಕೆ ಸುಮಾರು 300 ಸುತ್ತು. ಭಾರ ಹೊತ್ತ ಮೋಟಾರ್ 9000 ಸುತ್ತು ತಿರುಗಿದರೆ 30ಕ್ಕೆ 1 ಗೇರ್. ಆದರೆ ತಪಾಸಣೆಯ ಎಂಜಿನ್ ನಿಧಾನವಾಗಿ ಹೋಗುವುದೇ ಚೆಂದ, 38ಕ್ಕೆ 1 ಹಾಕಿದರೆ ಗರಿಷ್ಠ 47 ಮೈಲಿ, ತೆವಳುವ ವೇಗದಲ್ಲಿ ಹಿಡಿತ ಚೆನ್ನಾಗಿರುತ್ತದೆ. ವರ್ಮ್ (ಮೋಟಾರಿನ ತುದಿಯ ಸ್ಕ್ರೂ ಆಕಾರದ ಗೇರ್) ಮತ್ತು ಗೇರ್ ಚಕ್ರದ ನಡುವೆ ತೆಳು ಕಾಗದದ ಚೂರು ಇಟ್ಟು ಒತ್ತಿ ಕೂರಿಸಿ, ಸ್ಕ್ರೂ ಬಿಗಿದ ಮೇಲೆ ಕಾಗದ ಎಳೆದುಬಿಡಿ. ಅಷ್ಟು ಸಂದು ಬೇಕು. ಗೇರಿಗೆ ಎಣ್ಣೆ ಸೂಜಿಮೊನೆಯಷ್ಟು. ಹೆಚ್ಚಾದದ್ದು ಆಕ್ಸಲ್ ಹಿಡಿದು ಗಾಲಿಗೆ ಹರಿಯುತ್ತದೆ, ಇರುವ ಒಂದೇ ಜೊತೆ ಗಾಲಿಗೆ ಎಣ್ಣೆ ಹತ್ತಿದರೆ ಹಿಂದಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಹಳಿಯಿಂದ ಕರೆಂಟು ಎತ್ತುವುದು ಐದೂ ಆಕ್ಸಲ್‌ಗಳಿಂದ ಆಗಬೇಕು. ಡ್ರೈವಿಂಗ್ ಗಾಲಿಗೆ 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ ಹಿಂಬದಿಗೆ ತಾಗಿದರೆ ಸಾಕು. ಬೋಗಿ ಗಾಲಿಗಳಿಗೆ ಹಾಗೆ ಮಾಡಿದರೆ ಹಗುರ ಭಾರದ ಅವು ತಿರುಗದೆ ಜಾರಿಕೊಂಡು ಹೋಗುತ್ತವೆ. 12 ಮಿ.ಮೀ. ಗಾಲಿಯ ಅಂಚನ್ನು ತಂತಿ ಒತ್ತುವ ಬದಲು 2 ಮಿ.ಮೀ. ಆಕ್ಸಲನ್ನು ಒತ್ತಿದರೆ ತಡೆ ಆರನೇ ಒಂದಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಬದಿಯ ಗಾಲಿ ಮಾತ್ರ ಇನ್ಸುಲೇಟ್ ಆದ ಆಕ್ಸಲ್ ಬೇಕು: ಮುಂದಿನ ಬೋಗಿ ಬಲ ಹಳಿಯಿಂದ, ಹಿಂದಿನದು ಎಡ ಹಳಿಯಿಂದ. ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಹಾಕುವವರು ಕರೆಂಟು ಕ್ಷಣ ತಪ್ಪಿದರೂ ನಿಲ್ಲದಂತೆ ಕೆಪಾಸಿಟರ್ ಸೇರಿಸಿ, ಸಲೂನಿನ ನೆಲದಡಿ ಅದಕ್ಕೆ ಜಾಗವಿದೆ. ಕೆಪಾಸಿಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲೇ ಸಿಗುತ್ತದೆ, ಗಾಲಿ ಮತ್ತು ಗೇರ್ ಹೊರಗಿನಿಂದ ತರಿಸಬೇಕು.

ಸಲೂನ್

ಮುಂದೆ ಹಿತ್ತಾಳೆ, ಹಿಂದೆ ಪ್ಲಾಸ್ಟಿಕ್. ಸಲೂನನ್ನು ಸ್ಟೈರೀನ್ ಹಾಳೆಯಲ್ಲಿ ಮಾಡಿ: ಹೊರಪದರ 0.25 ಮಿ.ಮೀ., ಒಳಪದರ 0.5 ಮಿ.ಮೀ. ಕಿಟಕಿಯ ತೂತು ಹೊರಪದರದಲ್ಲಿ ಸರಿ ಅಳತೆಗೆ, ಒಳಪದರದಲ್ಲಿ ಅರ್ಧ ಮಿ.ಮೀ. ದೊಡ್ಡದು, ಗಾಜು ಕೂರಲು ಮೆಟ್ಟಿಲು ತಾನಾಗಿ ಸಿಗುತ್ತದೆ. ಎರಡು ಹಾಳೆ ಅಂಟಿಸುವಾಗ ದ್ರಾವಕ ಹೆಚ್ಚಾದರೆ ಅದು ನಡುವೆ ಸಿಕ್ಕಿಕೊಂಡು ವಾರಗಳ ಮೇಲೆ ಗೋಡೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಳಪದರಕ್ಕೆ ಅಲ್ಲಲ್ಲಿ 1 ಮಿ.ಮೀ. ರಂಧ್ರ ಕೊರೆದಿಟ್ಟರೆ ಆವಿ ಹೊರಬರುತ್ತದೆ. ಛಾವಣಿ ಬಿಚ್ಚುವಂತಿರಲಿ. ಗಾಜು, ಕುರ್ಚಿ, ಮೇಜು ಎಲ್ಲವೂ ಬಣ್ಣ ಆದ ಮೇಲೆ ಒಳಗೆ ಹೋಗಬೇಕು.

ಕಿಟಕಿಗೆ ಸೂಕ್ಷ್ಮದರ್ಶಕದ ಕವರ್ ಸ್ಲಿಪ್ ಚೆನ್ನ. ನಿಜವಾದ ಗಾಜು, ದಪ್ಪ ಸುಮಾರು 0.15 ಮಿ.ಮೀ. ಇದನ್ನು ಸೂಪರ್ ಗ್ಲೂನಿಂದ ಅಂಟಿಸಬಾರದು, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಸೀಸಕ್ಕೆ ಬೇಡ ಅಂದ ಬಿಳಿ ಅಂಟೇ ಇಲ್ಲಿ ಸರಿಯಾದದ್ದು.

ಹಿತ್ತಾಳೆ ಭಾಗದ ಬೆಸುಗೆ ಎಲ್ಲರಿಗೂ ಗೊತ್ತಿರುವುದೇ. ಫಾಸ್ಫಾರಿಕ್ ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ದ್ರವ) ಬಳಸಿದರೆ ಅದೇ ದಿನ ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ. ಬಿಟ್ಟರೆ ಬೆಳಗ್ಗೆ ಹಸಿರು ಕಿಲುಬು, ಬಣ್ಣ ಹಚ್ಚಿದ ಮೇಲೂ ಅದು ಅಡಿಯಿಂದ ಎಬ್ಬಿಸುತ್ತದೆ. ಬಣ್ಣಕ್ಕೆ ಮೊದಲು ವರ್ಷ ನಿರ್ಧರಿಸಿ. ಡ್ರಮಂಡ್ ಕಾಲದ್ದಾದರೆ ತಿಳಿ ಬೂದುಹಸಿರು, ಅಂಚಿಗೆ ನೇರಳೆ ಛಾಯೆಯ ಕಂದು, ಕಪ್ಪು ಬಿಳುಪಿನ ಗೆರೆ. 1923ರ ನಂತರದ್ದಾದರೆ ಅದು ಸದರ್ನ್ ರೈಲ್ವೆಯ ಸ್ವತ್ತು, ಆ ಬಣ್ಣ ಸಲ್ಲದು.

ಅಮೆರಿಕದ ಬಗೆ

ಬಾಯ್ಲರಿನ ಮೇಲೆ ಕೋಣೆ ಕೂತ ಬಗೆಯದನ್ನು ಎಚ್‌ಓ ಪ್ರಮಾಣದಲ್ಲಿ, 1:87ರಲ್ಲಿ, ಮಾಡುವವರು ಸಾಮಾನ್ಯವಾಗಿ ಹಳೆಯ 4-4-0 ಮಾದರಿಯ ಅಡಿಭಾಗ ತೆಗೆದುಕೊಳ್ಳುತ್ತಾರೆ. ನಿಜವಾದ ರೈಲ್ವೆಗಳೂ ಹಳೆಯ 4-4-0ಗಳನ್ನೇ ಮಾರ್ಪಡಿಸಿದ್ದರಿಂದ ಇದು ಮೋಸವಲ್ಲ. ಎರಡು ಜೊತೆ ಗಾಲಿ ಎಳೆಯುವುದರಿಂದ ಜಾರುವ ತೊಂದರೆ ಕಡಿಮೆ. ಬೇರೆ ತೊಂದರೆ ಹುಟ್ಟುತ್ತದೆ: ಹಳೆಯ ಮಾದರಿಗಳ ಮೋಟಾರ್ ಕ್ಯಾಬಿನಲ್ಲಿ ಇರುತ್ತದೆ, ಇಲ್ಲಿ ಸುತ್ತಲೂ ಕಿಟಕಿ. ಮೋಟಾರನ್ನು ಬಾಯ್ಲರಿನೊಳಗೆ ತಳ್ಳಲೇಬೇಕು. ಸಾಧ್ಯವಾಗದಿದ್ದರೆ ಹಿಂದಿನ ಎರಡು ಕಿಟಕಿಗೆ ಪರದೆ ಇಳಿಸಿಬಿಡಿ, ಯಾರೂ ಕೇಳುವುದಿಲ್ಲ. ಚಿಮಣಿ ಮತ್ತು ಡೋಮುಗಳು (ಬಾಯ್ಲರಿನ ಮೇಲಿನ ಗುಮ್ಮಟಗಳು) ಛಾವಣಿ ತೂರಿ ಮೇಲೆ ಬರುತ್ತವೆ. ಅವನ್ನು ಬಾಯ್ಲರಿಗೆ ಅಲ್ಲ, ಛಾವಣಿಗೆ ಅಂಟಿಸಿದರೆ ಇಡೀ ಕೋಣೆ ಒಂದೇ ತುಂಡಾಗಿ ಮೇಲಕ್ಕೆ ಬರುತ್ತದೆ. ಬಾಯ್ಲರಿಗೆ ಮೊದಲೇ ಕಪ್ಪು ಹಚ್ಚಿ, ಆಮೇಲೆ ಕುಂಚ ಒಳಗೆ ಹೋಗುವುದಿಲ್ಲ.

ಸಭೆಯ ಎರಡು ಪ್ರಶ್ನೆಗಳು

"ಸಲೂನನ್ನು ತ್ರೀಡಿ ಪ್ರಿಂಟ್ ಮಾಡಬಹುದೇ?" ಮಾಡಬಹುದು, ರೆಸಿನ್ ಪ್ರಿಂಟರ್ ಇದ್ದರೆ. ಆದರೆ ಗೋಡೆ ಸೊಟ್ಟಗಾಗದೆ ನಿಲ್ಲಲು 1 ಮಿ.ಮೀ. ದಪ್ಪ ಬೇಕಾಗುತ್ತದೆ, ಅಂದರೆ ನಿಜದಲ್ಲಿ 3 ಇಂಚು. ಕಿಟಕಿಯ ಅಂಚು ಕೋಟೆಗೋಡೆಯಂತೆ ಕಾಣುತ್ತದೆ. ಛಾವಣಿ, ಕುರ್ಚಿ, ಬೋಗಿಯ ಬದಿಗಳನ್ನು ಪ್ರಿಂಟ್ ಮಾಡಿ, ಗೋಡೆಯನ್ನು ಹಾಳೆಯಿಂದ ಕತ್ತರಿಸಿ.

"ಇದನ್ನು ನಮ್ಮ ಬ್ರಾಡ್‌ಗೇಜ್ ಹಳಿಯ ಮೇಲೆ ಓಡಿಸಿದರೆ?" ನಮ್ಮ 1676 ಮಿ.ಮೀ. ಹಳಿ 4 ಮಿ.ಮೀ. ಪ್ರಮಾಣದಲ್ಲಿ 22 ಮಿ.ಮೀ. ಆಗುತ್ತದೆ, ಎಫ್9 ಅಲ್ಲಿ ಕೂರುವುದಿಲ್ಲ. ಅಂಥ ಹಳಿ ಹಾಕಿಕೊಂಡವರು ಮೊದಲು ಟ್ರಾಲಿ ಮಾಡಿ ನೋಡಿ. ಹಿತ್ತಾಳೆ ತಂತಿ, ನಾಲ್ಕು ಗಾಲಿ, ಒಂದು ಬೆಂಚು. ಕೊಡೆಯ ಬಟ್ಟೆಗೆ ಟಿಶ್ಯೂ ಕಾಗದವನ್ನು ತೆಳು ಅಂಟಿನಲ್ಲಿ ಅದ್ದಿ ಕಡ್ಡಿಗಳ ಮೇಲೆ ಹೊದಿಸಿ, ಒಣಗುವ ಮೊದಲೇ ಅಂಚನ್ನು ಸ್ವಲ್ಪ ಕೆಳಗೆ ಎಳೆದುಬಿಡಿ.